ಜಾರ್ಜ್ ಫ್ರೆಡ್ರಿಕ್ಸನ್ ಮತ್ತು ನಮ್ಮೂರ ಕೇರಿ

ಬಹಳ ದಿನಗಳಿಂದ ಬರೀಬೇಕು ಅಂದುಕೊಂಡಿದ್ದ ವಿಷಯ ಇದು. ಸ್ವಲ್ಪ ಉದ್ದ ಆಗಿದೆ, ತಾಳ್ಮೆ ಇಟ್ಟುಕೊಂಡು ಓದಿ.

ಜಾತಿ ಮತ್ತು ವರ್ಣಭೇದದ ಮಾತು ಬಂದಾಗೆಲ್ಲ ನಮ್ಮಲ್ಲಿ ಚರ್ಚೆ ಎರಡೇ ಹಾದಿ ಹಿಡಿಯುತ್ತೆ. ಒಬ್ಬರು "ಅಲ್ಲಿ ಕಪ್ಪು ಜನ, ಇಲ್ಲಿ ದಲಿತರು, ಎರಡೂ ಒಂದೇ" ಅಂತಾರೆ. ಇನ್ನೊಬ್ಬರು "ಅದು ಬಣ್ಣದ ವಿಷಯ, ಇದು ಬೇರೆ, ಹೋಲಿಸಲೇಬಾರದು" ಅಂತಾರೆ. 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ವರ್ಣಭೇದ ವಿರೋಧಿ ಸಮ್ಮೇಳನ ನಡೆದಾಗಲೂ ಆದದ್ದು ಇದೇ. ಜಾತಿಯನ್ನೂ ಚರ್ಚೆಗೆ ತನ್ನಿ ಅಂತ ದಲಿತ ಸಂಘಟನೆಗಳು ಪಟ್ಟು ಹಿಡಿದವು. ಭಾರತ ಸರ್ಕಾರ ಒಪ್ಪಲಿಲ್ಲ. ಒಂದು ಕಡೆ 'ಒಂದೇ', ಇನ್ನೊಂದು ಕಡೆ 'ಬೇರೆ'. ಅಲ್ಲಿಗೆ ಮಾತು ಮುಗೀತು.

ಆದರೆ ಹೋಲಿಕೆ ಅಂದರೆ 'ಒಂದೇ' ಅಂತ ಸಾಬೀತು ಮಾಡೋದೂ ಅಲ್ಲ, 'ಬೇರೆ' ಅಂತ ಕೈ ತೊಳೆದುಕೊಳ್ಳೋದೂ ಅಲ್ಲ. ಇದನ್ನು ನನಗೆ ಕಲಿಸಿದ್ದು ಜಾರ್ಜ್ ಫ್ರೆಡ್ರಿಕ್ಸನ್ ಅನ್ನೋ ಅಮೆರಿಕದ ಇತಿಹಾಸಕಾರ. ಕನ್ನಡದಲ್ಲಿ ಇವರ ಬಗ್ಗೆ ನಾನು ಎಲ್ಲೂ ಓದಿಲ್ಲ. ಅದಕ್ಕೇ ಈ ಲೇಖನ.

ಮೊದಲು ಇವರ ಹಿಂದಿನವರ ಮಾತು

ಫ್ರೆಡ್ರಿಕ್ಸನ್ ಗೊತ್ತಾಗಬೇಕಾದರೆ ಅವರಿಗಿಂತ ಹಿರಿಯರಾದ ಸಿ. ವಾನ್ ವುಡ್‌ವರ್ಡ್ ಬಗ್ಗೆ ನಾಲ್ಕು ಮಾತು ಹೇಳಲೇಬೇಕು.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಶಾಲೆ ಬೇರೆ, ರೈಲು ಡಬ್ಬಿ ಬೇರೆ, ಕುಡಿಯೋ ನೀರಿನ ನಲ್ಲಿ ಬೇರೆ. ಈ ಪದ್ಧತಿಗೆ 'ಜಿಮ್ ಕ್ರೋ' ಅಂತ ಹೆಸರು. ಅಲ್ಲಿನ ಬಿಳಿಯರನ್ನು ಕೇಳಿದರೆ "ಇದು ಮೊದಲಿಂದ ಹೀಗೇ ಇದೆ, ಇದು ನಮ್ಮ ಸಂಪ್ರದಾಯ" ಅನ್ನುತ್ತಿದ್ದರು. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಮಕ್ಕಳನ್ನು ಬೇರೆ ಕೂರಿಸೋದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಮರುವರ್ಷವೇ ವುಡ್‌ವರ್ಡ್ ಒಂದು ಸಣ್ಣ ಪುಸ್ತಕ ತಂದರು, 'ದಿ ಸ್ಟ್ರೇಂಜ್ ಕರಿಯರ್ ಆಫ್ ಜಿಮ್ ಕ್ರೋ'. ಅದರ ತಿರುಳು ಇಷ್ಟೇ: ಇದು ಮೊದಲಿಂದ ಇದ್ದದ್ದಲ್ಲ. ಗುಲಾಮಗಿರಿ ಮುಗಿದು ಎಷ್ಟೋ ವರ್ಷ ಆದಮೇಲೆ, ಹತ್ತೊಂಬತ್ತನೇ ಶತಮಾನದ ಕೊನೆಗೆ, ಶಾಸನಸಭೆಗಳಲ್ಲಿ ಕೂತು ಒಂದೊಂದೇ ಕಾನೂನು ಮಾಡಿ ಕಟ್ಟಿದ್ದು. 1890ರಲ್ಲಿ ಲೂಸಿಯಾನ ರಾಜ್ಯ ರೈಲು ಡಬ್ಬಿ ಬೇರೆ ಮಾಡಿತು. 1892ರಲ್ಲಿ ಹೋಮರ್ ಪ್ಲೆಸ್ಸಿ ಅನ್ನುವವರು ಬಿಳಿಯರ ಡಬ್ಬಿಯಲ್ಲಿ ಕೂತು ಬಂಧನಕ್ಕೆ ಒಳಗಾದರು. 1896ರಲ್ಲಿ ಸುಪ್ರೀಂ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟು 'ಬೇರೆ ಇದ್ದರೂ ಸಮಾನ' ಅನ್ನೋ ನೆಪಕ್ಕೆ ಮುದ್ರೆ ಒತ್ತಿತು.

ತಾರೀಖು ಇದೆ ಅಂದರೆ ಮಾಡಿದವರು ಇದ್ದಾರೆ. ಮಾಡಿದ್ದನ್ನು ಕೆಡವಬಹುದು. 1965ರ ಮಾರ್ಚ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾಂಟ್ಗೊಮರಿಯಲ್ಲಿ ಮಾಡಿದ ಭಾಷಣದಲ್ಲಿ ಈ ಪುಸ್ತಕದ ಹೆಸರು ಹೇಳಿಯೇ ಮಾತಾಡಿದರು. ಒಂದು ಇತಿಹಾಸದ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಬಹುಮಾನ ಬೇಕಾ?

ಇದನ್ನು ಓದುವಾಗ ನನಗೆ ನಮ್ಮ ಕಡೆಯ ಮಾತೇ ಕಿವಿಯಲ್ಲಿ ಗುಂಯ್‌ಗುಟ್ಟಿತು. ಕೊಡ್ಲಿಯಿಂದ ಚಿಂಚೋಳಿ ಕಡೆ ಹೋಗಿ, ಸೇಡಂ ಕಡೆ ಹೋಗಿ, ಚಿತ್ತಾಪುರದ ಕಡೆ ಹೋಗಿ, ಹಳ್ಳಿ ಹಳ್ಳಿಯಲ್ಲೂ ಊರು ಒಂದು ಕಡೆ, ಕೇರಿ ಒಂದು ಕಡೆ. ಯಾರು ಹಾಕಿದ ಗೆರೆ ಇದು ಅಂತ ಹಿರಿಯರನ್ನು ಕೇಳಿದರೆ ಉತ್ತರ ಒಂದೇ: "ಅದು ಮದಲಿಂದ ಹಂಗೇ ಅದ."

ಫ್ರೆಡ್ರಿಕ್ಸನ್ ಹಾದಿ

ಫ್ರೆಡ್ರಿಕ್ಸನ್ ಹುಟ್ಟಿದ್ದು 1934ರಲ್ಲಿ, ಕನೆಕ್ಟಿಕಟ್ ರಾಜ್ಯದಲ್ಲಿ. ಬೆಳೆದದ್ದು ಸೌತ್ ಡಕೋಟಾದ ಸೂ ಫಾಲ್ಸ್ ಅನ್ನೋ ಊರಲ್ಲಿ. ಅಂದರೆ ಜಿಮ್ ಕ್ರೋ ಕಾನೂನುಗಳ ದಕ್ಷಿಣದಿಂದ ಬಹಳ ದೂರ. 1956ರಲ್ಲಿ ಹಾರ್ವರ್ಡ್‌ನಲ್ಲಿ ಪದವಿ, ಆಮೇಲೆ ಅಮೆರಿಕದ ನೌಕಾಪಡೆಯಲ್ಲಿ ಕೆಲಸ, 1964ರಲ್ಲಿ ಹಾರ್ವರ್ಡ್‌ನಿಂದಲೇ ಪಿಎಚ್‌ಡಿ. 1966ರಿಂದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ, 1984ರಿಂದ ಸ್ಟ್ಯಾನ್‌ಫರ್ಡ್‌ನಲ್ಲಿ ಪಾಠ ಮಾಡಿದರು. 2002ರಲ್ಲಿ ನಿವೃತ್ತಿ. 2008ರ ಫೆಬ್ರವರಿಯಲ್ಲಿ ತೀರಿಕೊಂಡರು.

1965ರ ಮೊದಲ ಪುಸ್ತಕ ಅಮೆರಿಕದ ಅಂತರ್ಯುದ್ಧ ಕಾಲದ ಉತ್ತರದ ಬುದ್ಧಿಜೀವಿಗಳ ಬಗ್ಗೆ. ಅದನ್ನು ಬಿಡಿ. ಎರಡನೆಯದು ಮುಖ್ಯ. 1971ರಲ್ಲಿ ಬಂದ 'ದಿ ಬ್ಲ್ಯಾಕ್ ಇಮೇಜ್ ಇನ್ ದಿ ವೈಟ್ ಮೈಂಡ್'. ಹತ್ತೊಂಬತ್ತನೇ ಶತಮಾನದ ಬಿಳಿಯರು ಕಪ್ಪು ಜನರ ಬಗ್ಗೆ ಏನೇನು ಅಂದುಕೊಂಡಿದ್ದರು ಅನ್ನೋದರ ಇತಿಹಾಸ ಅದು.

ಅದರಲ್ಲಿ ಒಂದು ವಿಚಾರ ನನ್ನನ್ನು ಹಿಡಿದು ನಿಲ್ಲಿಸಿತು. ದ್ವೇಷಿಸುವವರನ್ನು ಗುರುತಿಸೋದು ಸುಲಭ. ಆದರೆ ಪ್ರೀತಿಯಿಂದಲೇ ಕೀಳು ಮಾಡುವವರೂ ಇದ್ದರು. "ಪಾಪ, ಅವರು ಸೌಮ್ಯ ಜನ, ಮಕ್ಕಳ ಹಾಗೆ, ಭಕ್ತಿ ಜಾಸ್ತಿ, ಕೋಪ ಇಲ್ಲ" ಅಂತ ಕಪ್ಪು ಜನರನ್ನು ಹೊಗಳುತ್ತಿದ್ದವರು ಗುಲಾಮಗಿರಿ ವಿರೋಧಿಗಳಲ್ಲೇ ಇದ್ದರು. 1852ರ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿಯಲ್ಲೂ ಈ ಧಾಟಿ ಇದೆ. ಹೊಗಳಿಕೆಯ ಒಳಗೆ 'ಇವರು ಹುಟ್ಟಾ ಬೇರೆ' ಅನ್ನೋ ನಂಬಿಕೆ ಕೂತಿದೆ. ಫ್ರೆಡ್ರಿಕ್ಸನ್ ಇದನ್ನು ರಮ್ಯ ಜನಾಂಗವಾದ ಅಂತ ಕರೆದರು. ನಮ್ಮಲ್ಲಿ "ಕೇರಿ ಮಂದಿ ಭಾಳ ನಿಯತ್ತಿನವರು, ಹೇಳಿದ್ದು ಕೇಳ್ಕೊಂಡು ಇರ್ತಾರ" ಅನ್ನೋ ಮೆಚ್ಚುಗೆ ಕೇಳಿದ್ದೀರಲ್ಲ? ಅದೇ ಇದು. ಹೇಳಿದ್ದು ಕೇಳದ ದಿನ ಆ ಮೆಚ್ಚುಗೆ ಎಲ್ಲಿ ಹೋಗುತ್ತೆ ಅಂತಲೂ ನೋಡಿದ್ದೀರಿ.

ಎರಡು ದೇಶ, ಒಂದು ಪುಸ್ತಕ

ಫ್ರೆಡ್ರಿಕ್ಸನ್ ಹೆಸರು ಉಳಿದದ್ದು 1981ರ 'ವೈಟ್ ಸುಪ್ರಿಮಸಿ'ಯಿಂದ. ಅಮೆರಿಕ ಮತ್ತು ದಕ್ಷಿಣ ಆಫ್ರಿಕಾ ಎರಡರ ಇತಿಹಾಸವನ್ನು ಹದಿನೇಳನೇ ಶತಮಾನದಿಂದ ಅಕ್ಕಪಕ್ಕ ಇಟ್ಟು ಓದಿದ ಪುಸ್ತಕ. 1982ರ ಪುಲಿಟ್ಜರ್ ಬಹುಮಾನದ ಕೊನೆ ಸುತ್ತಿಗೂ ಬಂದಿತ್ತು. ತಮಾಷೆ ನೋಡಿ, ಆ ವರ್ಷ ಇತಿಹಾಸದ ಬಹುಮಾನ ಹೋದದ್ದು ವುಡ್‌ವರ್ಡ್ ಸಂಪಾದಿಸಿದ ಒಂದು ಡೈರಿಗೆ!

ಆ ಕಾಲದಲ್ಲಿ "ಅಮೆರಿಕದ ಜಿಮ್ ಕ್ರೋ, ದಕ್ಷಿಣ ಆಫ್ರಿಕಾದ ಅಪಾರ್ಥೈಡ್ ಎರಡೂ ಒಂದೇ" ಅನ್ನೋದು ಎಲ್ಲರ ಬಾಯಲ್ಲಿತ್ತು. ಫ್ರೆಡ್ರಿಕ್ಸನ್ ನಿಧಾನವಾಗಿ ಅಲ್ಲ ಅಂದರು. ಅಪಾರ್ಥೈಡ್ ಕಡಿಮೆ ಕೆಟ್ಟದ್ದು ಅಂತಲ್ಲ, ಅದು ಮಾಡುತ್ತಿದ್ದ ಕೆಲಸ ಬೇರೆ ಅಂತ.

ಅಮೆರಿಕದಲ್ಲಿ ಕಪ್ಪು ಜನ ಅಲ್ಪಸಂಖ್ಯಾತರು, ಇಡೀ ದೇಶದಲ್ಲಿ ಹತ್ತರಲ್ಲಿ ಒಬ್ಬರ ಆಜುಬಾಜು. ಅವರು ಬಿಳಿಯರ ಊರುಗಳಲ್ಲೇ ಇದ್ದರು, ಅದೇ ಬೀದಿ ಅದೇ ಅಂಗಡಿ. ಹಾಗಾಗಿ ಅಲ್ಲಿನ ಕಾನೂನು ಬಾಗಿಲು ಬೇರೆ, ಬೆಂಚು ಬೇರೆ ಅಂತ ಮಾಡಿತು. ದಕ್ಷಿಣ ಆಫ್ರಿಕಾದಲ್ಲಿ ಆಫ್ರಿಕನ್ನರೇ ಬಹುಸಂಖ್ಯಾತರು. ಅಲ್ಲಿ ಬೆಂಚು ಬೇರೆ ಮಾಡಿದರೆ ಸಾಲದು, ನೆಲವನ್ನೇ ಕಸಿದುಕೊಳ್ಳಬೇಕಿತ್ತು. 1913ರ ಭೂ ಕಾಯಿದೆ ಆಫ್ರಿಕನ್ನರಿಗೆ ದೇಶದ ನೆಲದ ಶೇಕಡ 7ರಷ್ಟು ಮಾತ್ರ ಮೀಸಲಿಟ್ಟಿತು. 1936ರಲ್ಲಿ ಅದನ್ನು ಸುಮಾರು ಶೇಕಡ 13ಕ್ಕೆ ಏರಿಸಿದರು. ಆ ಚೂರು ನೆಲದಲ್ಲಿ ಹೊಟ್ಟೆ ತುಂಬಲ್ಲ, ಹಾಗಾಗಿ ಗಂಡಸರು ಪಾಸು ಹಿಡಿದು ಬಿಳಿಯರ ಗಣಿಗೆ, ತೋಟಕ್ಕೆ ಬರಲೇಬೇಕು. ಕೆಲಸ ಮುಗಿದ ಮೇಲೆ ವಾಪಸ್ ಹೋಗಬೇಕು.

ಆದ್ದರಿಂದ ದಕ್ಷಿಣ ಆಫ್ರಿಕಾದ ಮೀಸಲು ಪ್ರದೇಶಗಳನ್ನು ಜಿಮ್ ಕ್ರೋ ಜೊತೆ ಹೋಲಿಸೋದಕ್ಕಿಂತ ಅಮೆರಿಕದ ಮೂಲನಿವಾಸಿಗಳನ್ನು ತಳ್ಳಿದ ರಿಸರ್ವೇಶನ್‌ಗಳ ಜೊತೆ ಹೋಲಿಸೋದು ಸರಿ ಅಂದರು. ಜಿಮ್ ಕ್ರೋಗೆ ಹತ್ತಿರವಾದದ್ದು ಕೇಪ್ ಪ್ರಾಂತ್ಯದ ಮಿಶ್ರ ಸಂತತಿಯವರನ್ನು, ಅಂದರೆ 'ಕಲರ್ಡ್' ಅಂತ ಕರೆಯುತ್ತಿದ್ದವರನ್ನು ನಡೆಸಿಕೊಂಡ ರೀತಿ.

ಇಲ್ಲಿ ಅವರ ವಿಧಾನ ಗಮನಿಸಿ. 'ಯಾರು ಎಷ್ಟು ಕೆಟ್ಟವರು' ಅಂತ ಅಂಕ ಕೊಡುತ್ತಿಲ್ಲ. ಯಾರ ದುಡಿಮೆ ಯಾರಿಗೆ ಬೇಕಿತ್ತು, ಎಷ್ಟು ಹತ್ತಿರದಲ್ಲಿ ಬೇಕಿತ್ತು, ಯಾರ ಕೈಯಲ್ಲಿ ವೋಟು ಇತ್ತು, ಕಾನೂನು ಯಾರ ಪರ ಇತ್ತು ಅಂತ ಎರಡೂ ಕಡೆ ಒಂದೇ ಪ್ರಶ್ನೆ ಕೇಳುತ್ತಾರೆ. ಉತ್ತರ ಎಲ್ಲಿ ಬೇರೆಯಾಗುತ್ತೋ ಅಲ್ಲಿ ಯಂತ್ರದ ಹಲ್ಲು ಕಾಣುತ್ತೆ.

ಕೋಲಾರದ ಚಿನ್ನ, ರ್‍ಯಾಂಡ್‌ನ ಚಿನ್ನ

ಈ ವಿಧಾನವನ್ನು ನಮ್ಮ ಕರ್ನಾಟಕದಲ್ಲೇ ಪರೀಕ್ಷೆ ಮಾಡೋಣ ಅಂತ ನನಗೆ ಅನ್ನಿಸಿತು. ಅದಕ್ಕೆ ಕೋಲಾರ ಚಿನ್ನದ ಗಣಿಗಿಂತ ಒಳ್ಳೆ ಜಾಗ ಇಲ್ಲ. ಮುಂದಿನ ಹೋಲಿಕೆ ಫ್ರೆಡ್ರಿಕ್ಸನ್ ಮಾಡಿದ್ದಲ್ಲ, ಅವರ ಪ್ರಶ್ನೆಗಳನ್ನು ಹಿಡಿದು ನಾನು ಮಾಡಿದ್ದು.

ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಇಂಗ್ಲಿಷ್ ಕಂಪನಿ ಕೋಲಾರದಲ್ಲಿ ಕಾಲಿಟ್ಟದ್ದು 1880ರಲ್ಲಿ. ಜೊಹಾನ್ಸ್‌ಬರ್ಗಿನ ವಿಟ್‌ವಾಟರ್ಸ್‌ರ್‍ಯಾಂಡ್‌ನಲ್ಲಿ ಚಿನ್ನ ಸಿಕ್ಕಿದ್ದು 1886ರಲ್ಲಿ. ಎರಡೂ ಕಡೆ ಬಂಡವಾಳ ಹೊರಗಿನದು, ಗಣಿ ಆಳವಾದದ್ದು, ಮೇಲಿನವರು ಬಿಳಿಯರು, ಒಳಗಿಳಿಯೋರು ಕಪ್ಪು ಮೈಯವರು. ಕೆಜಿಎಫ್‌ನಲ್ಲಿ ಯುರೋಪಿಯನ್ನರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಅದಕ್ಕೇ 'ಮಿನಿ ಇಂಗ್ಲೆಂಡ್' ಅನ್ನೋ ಹೆಸರು. ನಡುವಿನ ಹುದ್ದೆಗಳಲ್ಲಿ ಆಂಗ್ಲೋ ಇಂಡಿಯನ್ನರು. ಗಣಿ ಕೆಲಸಕ್ಕೆ ಬಂದ ಕೂಲಿಗಳಲ್ಲಿ ಬಹಳ ಜನ ಉತ್ತರ ಆರ್ಕಾಟ್ ಕಡೆಯ ತಮಿಳು ದಲಿತರು. ಅವರಿಗೆ ತಟ್ಟಿ ಗುಡಿಸಲುಗಳ 'ಲೈನು'. ಶಿವನಸಮುದ್ರದಿಂದ 1902ರಲ್ಲೇ ಕೆಜಿಎಫ್‌ಗೆ ಕರೆಂಟು ಬಂತು ಅಂತ ನಾವೆಲ್ಲ ಹೆಮ್ಮೆ ಪಡುತ್ತೇವೆ. ಆ ಕರೆಂಟು ಬಂದದ್ದು ಗಣಿಯ ಯಂತ್ರಗಳಿಗೆ ಅನ್ನೋದನ್ನೂ ನೆನಪಿಡಬೇಕು.

ಇಲ್ಲಿವರೆಗೆ ಎರಡೂ ಒಂದೇ ಥರ. ಈಗ ವ್ಯತ್ಯಾಸ ನೋಡಿ.

ರ್‍ಯಾಂಡ್‌ನಲ್ಲಿ ಬಿಳಿ ಅಧಿಕಾರಿಗಳ ಜೊತೆಗೆ ಸಾವಿರಾರು ಬಿಳಿ ಕೂಲಿಕಾರರೂ ಇದ್ದರು. ಅವರಿಗೆ ವೋಟು ಇತ್ತು. ಇಂಥಿಂಥ ಕೆಲಸ ಬಿಳಿಯರಿಗೆ ಮಾತ್ರ ಅನ್ನೋ ಕಾನೂನು 1911ರಲ್ಲಿ ಬಂತು. ಗಣಿ ಮಾಲೀಕರು ಖರ್ಚು ಉಳಿಸಲು ಅದನ್ನು ಸಡಿಲ ಮಾಡಹೊರಟಾಗ 1922ರಲ್ಲಿ ಬಿಳಿ ಕಾರ್ಮಿಕರು ಬಂದೂಕು ಹಿಡಿದು ದಂಗೆ ಎದ್ದರು. ಸರ್ಕಾರ ಸೈನ್ಯ ಬಿಟ್ಟು ಅಡಗಿಸಿತು. ಆದರೂ 1926ರಲ್ಲಿ ಆ ನಿರ್ಬಂಧ ಇನ್ನಷ್ಟು ಗಟ್ಟಿಯಾಗಿ ಕಾನೂನು ಪುಸ್ತಕ ಸೇರಿತು. ಕೋಲಾರದಲ್ಲಿ ಬಿಳಿಯರು ಕೆಲವೇ ಜನ, ಮೇಲಿನ ಕೆಲಸಕ್ಕೆ ಮಾತ್ರ. ವೋಟು ಹಾಕಿ ಕಾನೂನು ಮಾಡಿಸುವ ಬಿಳಿ ಕೂಲಿಕಾರರ ವರ್ಗ ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ. ಹಾಗಾಗಿ ಅಂಥ ಕಾನೂನಿನ ಒತ್ತಾಯವೂ ಹುಟ್ಟಲಿಲ್ಲ. ಕಂಪನಿಯ ರೂಢಿ, ಕಂಪನಿಯ ಕ್ವಾರ್ಟರ್ಸು, ಮೇಲೆ ನಮ್ಮದೇ ಜಾತಿ ಪದ್ಧತಿ, ಇಷ್ಟೇ ಸಾಕಾಯಿತು.

ಇನ್ನೊಂದು ವ್ಯತ್ಯಾಸ. ರ್‍ಯಾಂಡ್‌ನಲ್ಲಿ ಆಫ್ರಿಕನ್ ಗಂಡಸರನ್ನು ಹೆಂಡತಿ ಮಕ್ಕಳಿಲ್ಲದ ಕಾಂಪೌಂಡುಗಳಲ್ಲಿ ಇಟ್ಟು, ಕರಾರು ಮುಗಿದ ಮೇಲೆ ಮೀಸಲು ಪ್ರದೇಶಕ್ಕೆ ಅಟ್ಟುತ್ತಿದ್ದರು. ಕೆಜಿಎಫ್ ಲೈನುಗಳಲ್ಲಿ ಸಂಸಾರಗಳು ಬೇರು ಬಿಟ್ಟವು. ಅಜ್ಜ, ಅಪ್ಪ, ಮಗ ಅಂತ ತಲೆಮಾರುಗಳು ಅಲ್ಲೇ ಬೆಳೆದವು. ಅದರಿಂದ ಶಾಲೆ ಬಂತು, ಸಂಘ ಬಂತು, ಅಂಬೇಡ್ಕರ್ ವಿಚಾರ ಬಂತು, ಕಮ್ಯುನಿಸ್ಟ್ ಯೂನಿಯನ್ ಬಂತು. ಇತಿಹಾಸಕಾರ್ತಿ ಜಾನಕಿ ನಾಯರ್ 1998ರಲ್ಲಿ ಪ್ರಕಟಿಸಿದ 'ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್' ಪುಸ್ತಕ ಮೈಸೂರು ಸಂಸ್ಥಾನದ ಈ ಕಾರ್ಮಿಕರ ಬಗ್ಗೆಯೇ ಇದೆ, ಆಸಕ್ತರು ಓದಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಲೈನುಗಳಲ್ಲಿ ಜನ ಉಳಿದರು.

ನೋಡಿದಿರಾ, 'ಒಂದೇ' ಅಂದಿದ್ದರೆ ಈ ಎರಡು ಸಂಗತಿ ಕಾಣುತ್ತಿರಲಿಲ್ಲ. 'ಬೇರೆ' ಅಂದಿದ್ದರೆ ನೋಡಲು ಹೋಗುತ್ತಲೇ ಇರಲಿಲ್ಲ.

ಇನ್ನೊಂದು ಮಗ್ಗುಲು

'ವೈಟ್ ಸುಪ್ರಿಮಸಿ' ಬಿಳಿಯರ ಧೋರಣೆ, ಬಿಳಿಯರ ಕಾನೂನಿನ ಕತೆ. ತುಳಿತಕ್ಕೆ ಒಳಗಾದವರು ಏನು ಯೋಚಿಸಿದರು? ಅದಕ್ಕೆ ಫ್ರೆಡ್ರಿಕ್ಸನ್ ಇನ್ನೊಂದು ಪುಸ್ತಕವನ್ನೇ ಬರೆದರು. 1995ರ 'ಬ್ಲ್ಯಾಕ್ ಲಿಬರೇಶನ್'. ಬರೆಯೋ ಹೊತ್ತಿಗೆ ಇತಿಹಾಸವೇ ಓಡತೊಡಗಿತ್ತು. 1990ರಲ್ಲಿ ಮಂಡೇಲಾ ಬಿಡುಗಡೆ, 1994ರಲ್ಲಿ ಎಲ್ಲರೂ ವೋಟು ಹಾಕಿದ ಮೊದಲ ಚುನಾವಣೆ.

ಅದರಲ್ಲಿ ಅವರು ಎತ್ತಿದ ಒಂದು ಪ್ರಶ್ನೆ ನಮಗೆ ಹತ್ತಿರದ್ದು. ಗಾಂಧಿ ಸತ್ಯಾಗ್ರಹ ಶುರು ಮಾಡಿದ್ದೇ ದಕ್ಷಿಣ ಆಫ್ರಿಕಾದಲ್ಲಿ. 1952ರಲ್ಲಿ ಅಲ್ಲಿ ಕಾನೂನು ಮುರಿಯುವ ಚಳವಳಿ ನಡೆದು 8,000ಕ್ಕೂ ಹೆಚ್ಚು ಜನ ಜೈಲಿಗೆ ಹೋದರು. ಏನೂ ಸಿಗಲಿಲ್ಲ, ಕಾನೂನು ಇನ್ನೂ ಕಠಿಣವಾಯಿತು. 1960ರಲ್ಲಿ ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಜನರನ್ನು ಗುಂಡಿಟ್ಟು ಕೊಂದರು. ಅದೇ ಅಹಿಂಸೆ ಅಮೆರಿಕದಲ್ಲಿ 1964 ಮತ್ತು 1965ರ ಕಾಯಿದೆಗಳನ್ನು ತಂದಿತು. ಯಾಕೆ? ಕಿಂಗ್ ಹೆಚ್ಚು ಒಳ್ಳೆಯವರು ಅಂತಲ್ಲ. ಅಮೆರಿಕದ ಸಂವಿಧಾನದಲ್ಲಿ ಅಂತರ್ಯುದ್ಧದ ನಂತರ ಸೇರಿದ ಸಮಾನತೆಯ ತಿದ್ದುಪಡಿಗಳು ಇದ್ದವು, ರಾಜ್ಯ ಬಗ್ಗದಿದ್ದರೆ ಮೇಲೆ ಕೇಂದ್ರ ಸರ್ಕಾರ ಇತ್ತು. ದಕ್ಷಿಣ ಆಫ್ರಿಕಾದ ಹೋರಾಟಗಾರರಿಗೆ ಹಿಡಿದುಕೊಳ್ಳಲು ಅಂಥ ಗೂಟವೇ ಇರಲಿಲ್ಲ.

ನಮ್ಮವರೂ ಈ ಹೋಲಿಕೆಯನ್ನು ಬಹಳ ಹಿಂದೆಯೇ ಮಾಡಿದ್ದರು. ಜೋತಿಬಾ ಫುಲೆ 1873ರ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ. ಅಂಬೇಡ್ಕರ್ 1946ರಲ್ಲಿ ಕಪ್ಪು ಜನರ ದೊಡ್ಡ ವಿದ್ವಾಂಸ ಡಬ್ಲ್ಯೂ. ಇ. ಬಿ. ಡು ಬೋಯಿಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕೊಡುವ ಮನವಿಯ ಪ್ರತಿ ಕೇಳಿದ್ದರು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1941ರಲ್ಲಿ ಅಮೆರಿಕದ ದಕ್ಷಿಣದಲ್ಲಿ ರೈಲಿನಲ್ಲಿ ಹೋಗುವಾಗ ಡಬ್ಬಿ ಬಿಟ್ಟು ಏಳಲು ಹೇಳಿದರು. ಭಾರತದವಳು ಅಂದಿದ್ದರೆ ಬಿಟ್ಟುಬಿಡುತ್ತಿದ್ದರು. ಆಕೆ ಆ ರಿಯಾಯಿತಿ ತೆಗೆದುಕೊಳ್ಳಲಿಲ್ಲ. ತಾನೂ ಬಣ್ಣದವಳೇ, ಏಳೋದಿಲ್ಲ ಅಂತ ಕೂತರು! ಫ್ರೆಡ್ರಿಕ್ಸನ್ ನಂತರದ ತಲೆಮಾರಿನ ಇತಿಹಾಸಕಾರ ನಿಕೋ ಸ್ಲೇಟ್ 2012ರ 'ಕಲರ್ಡ್ ಕಾಸ್ಮೊಪಾಲಿಟನಿಸಂ' ಪುಸ್ತಕದಲ್ಲಿ ಈ ಪ್ರಸಂಗ ಬರೆದಿದ್ದಾರೆ.

ಹಾಗಾದರೆ ನಮ್ಮ ಕೇರಿ?

ಈಗ ಅದೇ ಪ್ರಶ್ನೆಗಳನ್ನು ನಮ್ಮ ಸೀಮೆಗೆ ತರೋಣ. ಕಲಬುರಗಿ ಜಿಲ್ಲೆಯಲ್ಲಿ 2011ರ ಜನಗಣತಿ ಪ್ರಕಾರ ಸುಮಾರು ಕಾಲು ಭಾಗ ಜನ ಪರಿಶಿಷ್ಟ ಜಾತಿಯವರು. ಅವರ ದುಡಿಮೆ ಬೇಕಿತ್ತಾ? ದಿನಾ ಬೇಕಿತ್ತು. ತೊಗರಿ ಹೊಲಕ್ಕೆ ಬೇಕು, ಸತ್ತ ದನ ಎತ್ತಲು ಬೇಕು, ಹಬ್ಬಕ್ಕೆ ಹಲಗೆ ಬಾರಿಸಲು ಬೇಕು. ಹಾಗಾಗಿ ದಕ್ಷಿಣ ಆಫ್ರಿಕಾದ ಹಾಗೆ ನೂರಾರು ಮೈಲಿ ಆಚೆ ಇಡಲು ಆಗಲ್ಲ. ಕೂಗಿದರೆ ಕೇಳಬೇಕು, ಮುಟ್ಟಿದರೆ ಮೈಲಿಗೆ. ಕೇರಿ ಇರೋ ದೂರ ಈ ಎರಡರ ಲೆಕ್ಕ.

ಕಾನೂನಿನ ಪ್ರಶ್ನೆ? ಇಲ್ಲಿ ನಮ್ಮ ಕತೆ ಇಬ್ಬರಿಗಿಂತಲೂ ಬೇರೆ. ಅಲ್ಲಿ ಕಾನೂನೇ ಬೇರೆ ಇಟ್ಟಿತ್ತು, ಕಾನೂನು ರದ್ದು ಮಾಡಿಸೋದು ಹೋರಾಟ ಆಯಿತು. ನಮ್ಮಲ್ಲಿ 1950ರಲ್ಲೇ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು, 1955ರಲ್ಲಿ ಅದು ಶಿಕ್ಷಾರ್ಹ ಅಪರಾಧವೂ ಆಯಿತು. ಹಿಡಿದುಕೊಳ್ಳಲು ಗೂಟ ಗಟ್ಟಿಯಾಗೇ ಇದೆ. ಆದರೆ ಕೆಡವಲು ಎದುರಿಗೆ ಒಂದು ಕಾನೂನು ಪುಸ್ತಕ ಇಲ್ಲ, 'ಮದಲಿಂದ ಹಂಗೇ ಅದ' ಅನ್ನೋ ಮಾತು ಮಾತ್ರ ಇದೆ.

ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಕೇರಿ ಜಿಮ್ ಕ್ರೋಗಿಂತ ಬಹಳ ಹಳೆಯದು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಶರಣರು ಇದರ ಮೇಲೇ ಜಗಳ ಹೂಡಿದ್ದರು. ಆದರೆ ಎಲ್ಲವೂ ಹಳೆಯದಲ್ಲ, ಇದನ್ನು ನಾವು ಮರೆಯುತ್ತೇವೆ. ಸ್ವತಂತ್ರ ಭಾರತದ ಸರ್ಕಾರ ಆಶ್ರಯ ಮನೆ, ಜನತಾ ಮನೆ ಕಟ್ಟಿಸಿದಾಗ ಎಷ್ಟು ಹಳ್ಳಿಗಳಲ್ಲಿ ದಲಿತರ ಸೈಟುಗಳನ್ನು ಹಳೇ ಕೇರಿ ಪಕ್ಕದಲ್ಲೇ, ಅದರ ಆಚೆಗೇ ಅಳೆದರು? ನಮ್ಮ ಸೀಮೆಯ ಊರಾಚೆಯ ಕಾಲನಿಗಳನ್ನು ಒಮ್ಮೆ ನೋಡಿ ಬನ್ನಿ. ಆ ಗೆರೆ ಮನುವಿನ ಕಾಲದ್ದಲ್ಲ. ಅದಕ್ಕೆ ಸರ್ವೆ ನಂಬರು ಇದೆ, ನಕ್ಷೆ ಇದೆ, ಸಹಿ ಇದೆ, ತಾರೀಖು ಇದೆ.

ಫ್ರೆಡ್ರಿಕ್ಸನ್ 2002ರಲ್ಲಿ 'ರೇಸಿಸಂ: ಎ ಶಾರ್ಟ್ ಹಿಸ್ಟರಿ' ಅಂತ ಒಂದು ಸಣ್ಣ ಪುಸ್ತಕ ಬರೆದರು. ಇದನ್ನೇ ಮೊದಲು ಓದಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹದಿನೈದನೇ ಶತಮಾನದ ಸ್ಪೇನ್‌ನಲ್ಲಿ ಯಹೂದಿಗಳು ಕ್ರೈಸ್ತರಾದ ಮೇಲೂ 'ರಕ್ತ ಶುದ್ಧ ಇಲ್ಲ' ಅಂತ ದೂರ ಇಟ್ಟದ್ದನ್ನು ಅದರಲ್ಲಿ ವಿವರಿಸುತ್ತಾರೆ. ಧರ್ಮ ಬದಲಾದರೂ ರಕ್ತ ಬದಲಾಗಲ್ಲ ಅನ್ನೋ ನಂಬಿಕೆ, ಅದರ ಹಿಂದೆ ಅಧಿಕಾರ, ಎರಡೂ ಸೇರಿದರೆ ಜನಾಂಗವಾದ ಅನ್ನೋದು ಅವರ ಲೆಕ್ಕ. ನಮ್ಮ ಕಡೆ ಚರ್ಚಿಗೆ ಹೋದವರ ಮನೆಯೂ ಕೇರಿಯಲ್ಲೇ ಉಳಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ಲಾಗಿಗ ಗೆಳೆಯರಿಗೆ ನನ್ನದೊಂದು ವಿನಂತಿ. ಜಾತಿ ದೊಡ್ಡದೋ ವರ್ಣಭೇದ ದೊಡ್ಡದೋ ಅನ್ನೋ ವಾದ ಸ್ವಲ್ಪ ದಿನ ಪಕ್ಕಕ್ಕಿಡೋಣ. ನಿಮ್ಮ ನಿಮ್ಮ ಊರಿನ ತಾರೀಖು ಬರೆಯಿರಿ. ಕಾಲನಿ ಸೈಟು ಅಳೆದದ್ದು ಯಾವ ವರ್ಷ? ಕೇರಿಗೆ ಬೋರ್‌ವೆಲ್ ಬೇರೆ ಹಾಕಿಸಿದ್ದು ಯಾವಾಗ, ಯಾರ ಕಾಲದಲ್ಲಿ? ಹೋಟೆಲಿನಲ್ಲಿ ಬೇರೆ ಕಪ್ಪು ಇಡೋದು ನಿಂತದ್ದು ಯಾವಾಗ, ನಿಲ್ಲಿಸಿದವರು ಯಾರು? ಪಂಚಾಯಿತಿಯಲ್ಲಿ ಕೇಳಿ, ಕೇರಿಯ ಹಿರಿಯರ ಹತ್ತಿರ ಕೂತು ಕೇಳಿ. ನಾನು ಕೊಡ್ಲಿಯದ್ದು ಶುರು ಮಾಡುತ್ತೇನೆ. ನಾಲ್ಕು ತಾಲ್ಲೂಕಿನ ನಾಲ್ಕು ಊರು ಅಕ್ಕಪಕ್ಕ ಇಟ್ಟರೂ ಸಾಕು, ವ್ಯತ್ಯಾಸ ಕಾಣತೊಡಗುತ್ತೆ.

ಏನಂತೀರಿ?